ಯಜಮಾನರಿಗೆ ಅರಳು ಮರಳೋ? ಮಾತ್ರೆಯ ಮಹಿಮೆಯೋ?

ಬೆಳಿಗ್ಗೆ ಒಂಬತ್ತೂವರೆ. ದಾವಣಗೆರೆ ಚೌಕಿಪೇಟೆಯಲ್ಲಿ ಅಂಗಡಿ ಷಟರುಗಳು ಒಂದೊಂದೇ ಮೇಲೇಳುವ ಹೊತ್ತು. ಗಲ್ಲಾಪೆಟ್ಟಿಗೆ ಹಿಂದೆ ಎಪ್ಪತ್ತು ದಾಟಿದ ಯಜಮಾನರು. ಬಲಗೈ ಹೆಬ್ಬೆರಳು ತೋರುಬೆರಳ ಮೇಲೆ ತಾನಾಗಿ ಉಜ್ಜುತ್ತಿದೆ. ದೂರದಿಂದ ನೋಡಿದವರಿಗೆ ನೋಟು ಎಣಿಸುತ್ತಿದ್ದಾರೆ ಅನ್ನಿಸಬೇಕು. ಹತ್ತಿರ ಹೋದರೆ ಕೈಯಲ್ಲಿ ನೋಟೂ ಇಲ್ಲ, ಚಿಲ್ಲರೆಯೂ ಇಲ್ಲ.

ಹೆಸರು ಬೇಡ. ಇಂಥವರು ಮಂಡಿಪೇಟೆಯಲ್ಲೂ ಸಿಗುತ್ತಾರೆ, ಹರಿಹರದಲ್ಲೂ ಸಿಗುತ್ತಾರೆ, ಸಂಜೆ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲೂ ಕೂತಿರುತ್ತಾರೆ. ಕಾಯಿಲೆಯ ಹೆಸರು ಪಾರ್ಕಿನ್ಸನ್. ವೈದ್ಯ ಪಂಡಿತರ ಬಾಯಲ್ಲಿ ಕಂಪವಾತ, ಮನೆಮಂದಿ ಬಾಯಲ್ಲಿ ಬರೀ ‘ನಡುಕ’. ಊರೂರಿಗೆ ಯಜಮಾನರು ಬೇರೆ, ಕಥೆ ಮಾತ್ರ ಹೆಚ್ಚುಕಮ್ಮಿ ಒಂದೇ.

ಕಥೆ ಹೀಗೆ. ಡಾಕ್ಟರು ಲೆವೊಡೋಪಾ ಮಾತ್ರೆ ಬರೆದುಕೊಡುತ್ತಾರೆ. ಔಷಧಿ ಅಂಗಡಿಯಲ್ಲಿ ‘ಸಿಂಡೋಪಾ’ ಅಂತಲೋ ಬೇರೆ ಹೆಸರಿನಲ್ಲೋ ಸಿಗುತ್ತದೆ. ಮೊದಲ ಒಂದೆರಡು ವರ್ಷ ಪವಾಡ! ಕೈ ನಡುಕ ತಗ್ಗುತ್ತದೆ, ನಡಿಗೆ ಸಲೀಸಾಗುತ್ತದೆ, ಲೆಕ್ಕದ ಪುಸ್ತಕದಲ್ಲಿ ಇರುವೆ ಸಾಲಿನಂತಾಗಿದ್ದ ಅಕ್ಷರ ಮತ್ತೆ ದುಂಡಗಾಗುತ್ತದೆ. ಆಮೇಲೆ ಶುರು ತಕರಾರು. “ಮಾತ್ರೆ ಹತ್ತುವಲ್ದು” ಅನ್ನುತ್ತಾರೆ ಯಜಮಾನರು. ಡಾಕ್ಟರು ಅರ್ಧ ಮಾತ್ರೆ ಏರಿಸುತ್ತಾರೆ. ಮತ್ತೆ ಅದೇ ದೂರು, ಮತ್ತೆ ಅರ್ಧ ಏರಿಕೆ. ಕೊನೆಗೊಂದು ಸಂಜೆ ಯಜಮಾನರು ಗುಮಾಸ್ತನನ್ನು ಕರೆದು, “ಆ ಕೂಸಿಗೆ ಒಂದು ಪೆಪ್ಪರ್‌ಮಿಂಟು ಕೊಡಪಾ, ಆಗಿನಿಂದ ಕೌಂಟರ್ ಕೆಳಗೆ ಕೂತೈತಿ” ಅನ್ನುತ್ತಾರೆ. ಕೌಂಟರ್ ಕೆಳಗೆ ಯಾವ ಕೂಸೂ ಇಲ್ಲ.

“ಅಪ್ಪಾಜಿಗೆ ಅರಳು ಮರಳು” ಎಂದು ಮಗ ಷರಾ ಬರೆದುಬಿಡುತ್ತಾನೆ. ಬೀಗದ ಕೈ ಗೊಂಚಲು ಯಜಮಾನರ ಸೊಂಟದಿಂದ ಮಗನ ಸೊಂಟಕ್ಕೆ ಬರುತ್ತದೆ. ಬ್ಯಾಂಕಿನ ಚೆಕ್ ಪುಸ್ತಕ ಸೊಸೆಯ ಬೀರುವಿಗೆ ಹೋಗುತ್ತದೆ. ನಲವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ ಒಂದೇ ವಾರದಲ್ಲಿ ಮನೆಯ ಮೂಲೆ ಸೇರುತ್ತಾರೆ.

ಈ ಕಥೆಯಲ್ಲಿ ಒಬ್ಬರನ್ನು ಯಾರೂ ವಿಚಾರಿಸುವುದೇ ಇಲ್ಲ. ಅದು ಹಾಲಿನ ಲೋಟ.

ಒಂದೇ ಬಾಗಿಲು, ಇಬ್ಬರು ಗಿರಾಕಿ

“ಬರೀ ಹೊಟ್ಟೀಲಿ ಮಾತ್ರೆ ನುಂಗಬ್ಯಾಡ್ರೀ, ಉಷ್ಣ ಆಗ್ತೈತಿ” ಎಂದು ಮನೆಯಾಕೆ ದೊಡ್ಡ ಲೋಟದ ತುಂಬ ಹಾಲು ಕೊಡುತ್ತಾರೆ. ಅಕ್ಕರೆಯಿಂದಲೇ ಕೊಡುತ್ತಾರೆ. ಜೊತೆಗೆ ಎರಡು ಇಡ್ಲಿ, ಮೇಲೆ ಬೇಳೆ ಸಾಂಬಾರು, ಶೇಂಗಾ ಚಟ್ನಿ. ಮಾತ್ರೆ ಕೆಲಸ ಮಾಡದಿರಲು ಇದಕ್ಕಿಂತ ಒಳ್ಳೆಯ ಏರ್ಪಾಟು ಬೇಕಾಗಿಲ್ಲ.

ಲೆವೊಡೋಪಾ ಎಂಬುದು ಒಂದು ಅಮೈನೋ ಆಮ್ಲ. ಹಾಲು, ಬೇಳೆ, ಮೊಟ್ಟೆ, ಮಾಂಸ, ಶೇಂಗಾದಲ್ಲಿರುವ ಪ್ರೋಟೀನು ಹೊಟ್ಟೆಯಲ್ಲಿ ಕರಗಿದಾಗ ಹುಟ್ಟುವುದೂ ಅಮೈನೋ ಆಮ್ಲಗಳೇ. ಸಣ್ಣ ಕರುಳಿನಿಂದ ರಕ್ತಕ್ಕೆ ದಾಟಲು ಇಬ್ಬರಿಗೂ ಇರುವುದು ಒಂದೇ ಬಾಗಿಲು. ಹಬ್ಬದ ಹಿಂದಿನ ದಿನ ದಾವಣಗೆರೆ ಬಸ್ ನಿಲ್ದಾಣದಲ್ಲಿ ಒಂದೇ ಬಸ್ಸಿಗೆ ಇನ್ನೂರು ಜನ ಮುಗಿಬಿದ್ದ ಹಾಗೆ. ನೂಕುನುಗ್ಗಲಲ್ಲಿ ಬಡಪಾಯಿ ಮಾತ್ರೆ ಹಿಂದುಳಿಯುತ್ತದೆ. ಹೇಗೋ ರಕ್ತ ಸೇರಿತು ಅನ್ನಿ, ಮಿದುಳಿನ ಬಾಗಿಲಲ್ಲಿ ಮತ್ತೆ ಅದೇ ಸರತಿ ಸಾಲು.

ಇದೇನು ನಿನ್ನೆ ಮೊನ್ನೆಯ ಸಂಶೋಧನೆಯಲ್ಲ. ಲೆವೊಡೋಪಾ ಚಿಕಿತ್ಸೆಗೆ ದಾರಿ ಮಾಡಿದ ಜಾರ್ಜ್ ಕೋಟ್ಜಿಯಾಸ್ ಮತ್ತು ಸಂಗಡಿಗರು 1975ರಲ್ಲೇ ಪ್ರೋಟೀನಿಗೂ ಈ ಮಾತ್ರೆಗೂ ಇರುವ ಜಗಳವನ್ನು ಬರೆದಿಟ್ಟರು. 1984ರಲ್ಲಿ ಅಮೆರಿಕದ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊಟ್ಟೆಯ ತಂಟೆಯೇ ಬೇಡವೆಂದು ಔಷಧಿಯನ್ನು ನೇರ ರಕ್ತನಾಳಕ್ಕೆ ಹನಿ ಹನಿಯಾಗಿ ಬಿಟ್ಟರು. ರಕ್ತದಲ್ಲಿ ಔಷಧಿ ಇದ್ದಷ್ಟೇ ಇತ್ತು. ಆದರೂ ಪ್ರೋಟೀನಿನ ಊಟ ಕೊಟ್ಟ ಮೇಲೆ ರೋಗಿಗಳ ಮೈ ಮತ್ತೆ ಬಿಗಿಯಿತು. ಅಂದರೆ ಮಿದುಳಿನ ಬಾಗಿಲಿನ ನೂಕುನುಗ್ಗಲೂ ಸುಳ್ಳಲ್ಲ. ಅರ್ಧ ಶತಮಾನದಷ್ಟು ಹಳೆಯ ಈ ವಿಷಯ ಎಷ್ಟು ಔಷಧಿ ಚೀಟಿಗಳ ಮೇಲೆ ಬರೆದಿರುತ್ತದೆ? ಬಹುಪಾಲು ಚೀಟಿಗಳಲ್ಲಿ ಇರುವುದು 1–1–1 ಎಂಬ ಮೂರು ಕಡ್ಡಿ ಮಾತ್ರ. ಊಟಕ್ಕೆ ಮೊದಲೋ, ಆಮೇಲೋ, ಹಾಲಿನಲ್ಲೋ, ನೀರಿನಲ್ಲೋ, ದೇವರೇ ಬಲ್ಲ.

ನರರೋಗ ತಜ್ಞರು ಹೇಳುವುದು ಇಷ್ಟು: ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, ಇಲ್ಲವೇ ಊಟವಾದ ಒಂದೆರಡು ಗಂಟೆ ಬಳಿಕ, ಒಂದು ಲೋಟ ನೀರಿನಲ್ಲಿ ಮಾತ್ರೆ. ಹೊಟ್ಟೆ ತೊಳಸಿದರೆ ಒಂದು ಬಿಸ್ಕತ್ತು ಅಥವಾ ಅರ್ಧ ಬಾಳೆಹಣ್ಣು ಪರವಾಗಿಲ್ಲ. ಒಂದು ಹಿಡಿ ಬರೀ ಮಂಡಕ್ಕಿಯೂ ನಡೆದೀತು, ಮಿರ್ಚಿ ಬೇಡ! ಹಾಗಂತ ಎಲ್ಲರಿಗೂ ಇದು ಒಂದೇ ಸಮನೆ ತಟ್ಟುವುದಿಲ್ಲ. ಕಾಯಿಲೆ ಹೊಸದಾಗಿದ್ದಾಗ ಹಾಲು ಕುಡಿದರೂ ನಡೆಯುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ವರ್ಷ ಕಳೆದಂತೆ, ಮಾತ್ರೆ ಹತ್ತುವುದು ಇಳಿಯುವುದು ಗಡಿಯಾರದಂತೆ ಗೊತ್ತಾಗತೊಡಗಿದ ಮೇಲೆ, ಊಟದ ಜಗಳ ಎದ್ದು ಕಾಣುತ್ತದೆ.

ಇನ್ನೊಂದು ಗಮನಿಸಿ. ರಕ್ತ ಕಡಿಮೆ ಎಂದು ಕೊಡುವ ಕಬ್ಬಿಣದ ಮಾತ್ರೆಯೂ ಇದಕ್ಕೆ ಗಂಟು ಬೀಳುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಲೆವೊಡೋಪಾ ದಕ್ಕುವುದು ಕಡಿಮೆ. ನಡುವೆ ಎರಡು ಗಂಟೆ ಅಂತರ ಬೇಕು.

ಮೊಲ ಎದ್ದು ಕೂತ ಕಥೆ

ಈ ಮಾತ್ರೆಯ ಚರಿತ್ರೆಯಲ್ಲಿ ನಮ್ಮ ದೇಶದ್ದೂ ಒಂದು ಪಾಲಿದೆ, ಹೇಳದೆ ಹೋದರೆ ತಪ್ಪಾದೀತು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ 1817ರಲ್ಲಿ ಈ ನಡುಕದ ಬಗ್ಗೆ ಸಣ್ಣ ಪುಸ್ತಕ ಬರೆದ. ಆಮೇಲೆ ಒಂದೂವರೆ ಶತಮಾನ ಹೇಳಿಕೊಳ್ಳುವಂಥ ಮದ್ದು ಇರಲಿಲ್ಲ. ಇತ್ತ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ನಮ್ಮ ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುವುದನ್ನು 1949ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದು ಪ್ರಪಂಚದ ಕಣ್ಣು ತೆರೆಸಿದರು. ಆ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ಔಷಧಿಯನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಕೊಟ್ಟ. ಮೊಲಗಳು ಕಲ್ಲಿನಂತೆ ಕೂತುಬಿಟ್ಟವು. ಆಗ ಡೋಪಾ ಚುಚ್ಚಿದ. ಕಿವಿ ನಿಮಿರಿಸಿ ಎದ್ದವು! ಇದು 1957ರ ಮಾತು. 2000ದಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು. ವಿಯೆನ್ನಾದ ಹಾರ್ನಿಕೀವಿಚ್ ಮತ್ತು ಎರಿಂಗರ್ 1960ರಲ್ಲಿ, ಪಾರ್ಕಿನ್ಸನ್ ರೋಗಿಗಳ ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಎಂಬ ರಸ ಬತ್ತಿರುವುದನ್ನು ತೋರಿಸಿದರು. ಕೋಟ್ಜಿಯಾಸ್ 1967ರಲ್ಲಿ ಬಾಯಿಯ ಮೂಲಕ ದೊಡ್ಡ ಪ್ರಮಾಣದ ಡೋಪಾ ಕೊಟ್ಟು ಬಿಗಿದ ಮೈಗಳನ್ನು ಸಡಿಲಿಸಿದ. ಆಗ ವಾಂತಿಯೋ ವಾಂತಿ. ಆಮೇಲೆ ಕಾರ್ಬಿಡೋಪಾ ಎಂಬ ಕಾವಲುಗಾರನನ್ನು ಜೊತೆಗೆ ಸೇರಿಸಿದರು. ಔಷಧಿ ದಾರಿಯಲ್ಲೇ ಖರ್ಚಾಗದೆ ಮಿದುಳು ಮುಟ್ಟಲು ಇವನು ಬೇಕು. ಈಗಿನ ಮಾತ್ರೆಗಳಲ್ಲಿ ಇಬ್ಬರೂ ಇರುತ್ತಾರೆ.

‘ಬಿ ಕಾಂಪ್ಲೆಕ್ಸ್ ತಗೋಬೇಡಿ, ನಡುಕದ ಮಾತ್ರೆ ಕೆಟ್ಟುಹೋಗ್ತದೆ’ ಎಂಬ ಮಾತು ಇನ್ನೂ ಊರಲ್ಲಿ ಓಡಾಡುತ್ತಿರುವುದು ಆ ಕಾವಲುಗಾರನಿಲ್ಲದ ಕಾಲದ್ದು. ಬರೀ ಲೆವೊಡೋಪಾ ಕೊಡುತ್ತಿದ್ದಾಗ ಬಿ6 ವಿಟಮಿನ್ನು ಅದನ್ನು ದಾರಿಯಲ್ಲೇ ಕರಗಿಸುತ್ತಿತ್ತು, ನಿಜ. ಕಾರ್ಬಿಡೋಪಾ ಸೇರಿದ ಮೇಲೆ ಆ ಭಯ ಹೋಯಿತು. ಈಗ ವಿಚಿತ್ರ ನೋಡಿ, ಪ್ರಶ್ನೆ ತಿರುವುಮುರುವಾಗಿದೆ: ವರ್ಷಾನುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಈ ಮಾತ್ರೆ ನುಂಗಿದವರಲ್ಲಿ ಬಿ6 ಕೊರತೆಯೇ ಕಾಣಿಸಿಕೊಳ್ಳಬಹುದು ಎಂದು ವೈದ್ಯರು ಎಚ್ಚರಿಸುತ್ತಿದ್ದಾರೆ.

ನಾಲೆಯ ತುದಿಗೆ ನೀರು ಹಾಯಿಸಿದರೆ...

ಇನ್ನು ಬುದ್ಧಿಯ ಮಾತು. ಮಾತ್ರೆ ಬುದ್ಧಿಗೆ ಒಳ್ಳೆಯದೋ ಕೆಟ್ಟದೋ? ಎರಡೂ ಹೌದು. ಇದು ಜಾರಿಕೊಳ್ಳುವ ಉತ್ತರವಲ್ಲ.

ಭದ್ರಾ ನಾಲೆಯ ಜಗಳ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೊನೆ ಭಾಗದ ರೈತನಿಗೆ ನೀರು ಮುಟ್ಟಬೇಕೆಂದು ಗೇಟು ಎತ್ತಿದರೆ ಮೇಲ್ಭಾಗದವನ ಗದ್ದೆ ಕೆರೆಯಾಗುತ್ತದೆ. ಮಿದುಳಿನಲ್ಲೂ ಹೀಗೆಯೇ. ಪಾರ್ಕಿನ್ಸನ್ನಿನಲ್ಲಿ ಡೋಪಮಿನ್ ಎಲ್ಲ ಕಡೆ ಒಂದೇ ಸಮ ಬತ್ತುವುದಿಲ್ಲ. ಮೈಕೈ ಆಡಿಸುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವ ಭಾಗ ಮೊದಲು ಒಣಗುತ್ತದೆ. ಆಸೆ, ಬಹುಮಾನ, ಲಾಭನಷ್ಟದ ಪಾಠ ಕಲಿಯುವ ಭಾಗದಲ್ಲಿ ಬಹಳ ದಿನ ನೀರು ಇದ್ದೇ ಇರುತ್ತದೆ. ಒಣಗಿದ್ದಕ್ಕೆ ಸಾಕಾಗುವಷ್ಟು ಮಾತ್ರೆ ಕೊಟ್ಟರೆ ತುಂಬಿದ್ದು ಉಕ್ಕಿ ಹರಿಯುತ್ತದೆ. ಹಾಗಾಗಿ ಅದೇ ಯಜಮಾನರು ಮಾತ್ರೆ ಹತ್ತಿದಾಗ ಚುರುಕಾಗಿ ಲೆಕ್ಕ ಹೇಳುತ್ತಾರೆ, ಮರುಗಳಿಗೆಯಲ್ಲೇ ಯಾರೂ ಮಾಡದ ದಡ್ಡ ವ್ಯವಹಾರ ಕುದುರಿಸಿ ಬರುತ್ತಾರೆ.

2004ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಅಂಗಡಿಕಾರರು ಕೇಳಲೇಬೇಕಾದದ್ದು. ಪಾರ್ಕಿನ್ಸನ್ ಇದ್ದವರಿಗೆ ಸರಿ ತಪ್ಪು ಆರಿಸುವ ಆಟ ಕೊಟ್ಟರು. ಮಾತ್ರೆ ನುಂಗಿದಾಗ ಅವರು ಗೆಲುವಿನಿಂದ ಚೆನ್ನಾಗಿ ಕಲಿತರು, ಸೋಲಿನಿಂದ ಕಲಿಯಲಿಲ್ಲ. ಮಾತ್ರೆ ಇಲ್ಲದಾಗ ಸೋಲಿನಿಂದ ಕಲಿತರು, ಗೆಲುವಿನ ಪಾಠ ಹತ್ತಲಿಲ್ಲ. ಲಾಭ ಮಾತ್ರ ನೆನಪಿಟ್ಟುಕೊಂಡು ನಷ್ಟ ಮರೆಯುವ ವ್ಯಾಪಾರಿಯ ಗತಿ ಏನೆಂದು ಚೌಕಿಪೇಟೆಗೆ ಬಿಡಿಸಿ ಹೇಳುವುದು ಬೇಡ.

ಮಾತ್ರೆಗಳಲ್ಲೇ ಇನ್ನೊಂದು ಜಾತಿಯಿದೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಇತ್ಯಾದಿ. ಇವು ಡೋಪಮಿನ್ನಿನ ವೇಷ ಹಾಕಿ ಕೆಲಸ ಮಾಡುತ್ತವೆ. ಕೆಲವರಿಗೆ ಬಹಳ ಒಳ್ಳೆಯದೇ ಮಾಡಿವೆ. ಆದರೆ ಇವುಗಳ ಜೊತೆ ಬರುವ ಒಂದು ಚಟದ ಬಗ್ಗೆ ಮನೆಯವರಿಗೆ ಹೇಳುವವರು ಕಡಿಮೆ. ಹುಟ್ಟಿದಾಗಿನಿಂದ ಇಸ್ಪೀಟು ಮುಟ್ಟದವರು ಓಸಿ ಚೀಟಿ ಬರೆಸತೊಡಗುತ್ತಾರೆ. ಒಂದು ಛತ್ರಿ ಸಾಕಿದ್ದವರು ಆರು ಛತ್ರಿ ತರುತ್ತಾರೆ. ನಡುರಾತ್ರಿ ಎದ್ದು ಡಬ್ಬಿಯ ಚಕ್ಕುಲಿ, ಬೂಂದಿ ಉಂಡೆ ಪೂರ್ತಿ ಮುಗಿಸುತ್ತಾರೆ. ಇನ್ನು ಕೆಲವರದು ಹೆಂಗಸರ ವಿಷಯ. ಮರ್ಯಾದೆಗಂಜಿ ಮನೆಯವರು ಬಾಯಿ ಬಿಡುವುದಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 3,090 ರೋಗಿಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ 13.6 ಮಂದಿಗೆ ಇಂಥ ಯಾವುದಾದರೊಂದು ಚಟ ಅಂಟಿತ್ತು. ಈ ಜಾತಿ ಮಾತ್ರೆ ನುಂಗುವವರಲ್ಲಿ 17.1, ನುಂಗದವರಲ್ಲಿ 6.9. ಮುದುಕಪ್ಪನ ಗುಣ ಕೆಟ್ಟಿತು ಎಂದು ಊರು ಆಡಿಕೊಳ್ಳುವ ಮೊದಲು ಮಾತ್ರೆ ಚೀಟಿ ನೋಡುವುದು ಒಳ್ಳೆಯದು. ಡಾಕ್ಟರಿಗೆ ಹೇಳಿ ಪ್ರಮಾಣ ಇಳಿಸಿದರೆ ಎಷ್ಟೋ ಮಂದಿಗೆ ಚಟವೂ ಇಳಿಯುತ್ತದೆ.

ಸ್ಕೂಟರ್ ಓಡಿಸುವ ಯಜಮಾನರಿದ್ದರೆ ಇನ್ನೊಂದು ಮಾತು. ಇದೇ ಜಾತಿ ಮಾತ್ರೆ ನುಂಗುತ್ತಿದ್ದ ಎಂಟು ಮಂದಿ ಗಾಡಿ ಓಡಿಸುತ್ತಲೇ ನಿದ್ದೆಹೋದದ್ದನ್ನು 1999ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಆಕಳಿಕೆಯ ಮುನ್ಸೂಚನೆಯೂ ಇಲ್ಲದೆ ಬರುವ ನಿದ್ದೆ.

ಕೌಂಟರ್ ಕೆಳಗಿನ ಕೂಸು

ಕಾಣದ್ದು ಕಾಣುವುದು ಲೆವೊಡೋಪಾದಿಂದಲೂ ಬರಬಹುದು, ಮೇಲೆ ಹೇಳಿದ ಜಾತಿಯಿಂದ ಇನ್ನೂ ಬೇಗ ಬರಬಹುದು, ಅಮಾಂಟಡಿನ್ ಎಂಬ ಮಾತ್ರೆಯಿಂದಲೂ ಬರಬಹುದು. ಸಾಮಾನ್ಯವಾಗಿ ಕಾಣುವುದು ಮಕ್ಕಳು, ಸಣ್ಣ ಪ್ರಾಣಿಗಳು, ಹುಳಹುಪ್ಪಟೆ, ಎಂದೋ ತೀರಿಕೊಂಡ ತಮ್ಮಂದಿರು. ಬಹುಪಾಲು ಅವು ಮಾತಾಡುವುದಿಲ್ಲ, ಸುಮ್ಮನೆ ನಿಂತಿರುತ್ತವೆ. ಮೊದಮೊದಲು ರೋಗಿಗೆ ಅದು ನಿಜವಲ್ಲ ಎಂದು ಗೊತ್ತಿರುತ್ತದೆ. ಹುಚ್ಚು ಅಂದುಬಿಟ್ಟಾರು ಎಂಬ ಹೆದರಿಕೆಗೆ ಹೇಳುವುದಿಲ್ಲ, ಅಷ್ಟೆ. ದೆವ್ವದ ಕಾಟ ಎಂದು ತಾಯಿತ ಕಟ್ಟಿಸಿದ ಮನೆಗಳೂ ಇಲ್ಲದಿಲ್ಲ.

ಎಲ್ಲ ಪಾಪವನ್ನೂ ಮಾತ್ರೆಯ ತಲೆಗೆ ಕಟ್ಟುವುದು ಅನ್ಯಾಯ. ಕಾಯಿಲೆಯೇ ಹಳೆಯದಾದಂತೆ ಮಿದುಳಿನ ಬೇರೆ ಭಾಗಗಳಿಗೂ ಹಬ್ಬುತ್ತದೆ, ಮರೆವು ತರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 20 ವರ್ಷ ಬೆನ್ನುಹತ್ತಿ ನೋಡಿದಾಗ, ಅಷ್ಟು ಕಾಲ ಬದುಕಿದ ರೋಗಿಗಳಲ್ಲಿ ಹೆಚ್ಚಿನವರಿಗೆ ಬುದ್ಧಿಮಾಂದ್ಯ ಬಂದಿತ್ತು. ವ್ಯತ್ಯಾಸ ಗುರುತಿಸಲು ಒಂದು ಸರಳ ಲಕ್ಷಣವಿದೆ. ವರ್ಷಗಟ್ಟಲೆ ಇಷ್ಟಿಷ್ಟೇ ಕುಂದುವ ಬುದ್ಧಿ ಕಾಯಿಲೆಯದ್ದು ಇರಬಹುದು. ಮೂರೇ ದಿನದಲ್ಲಿ ತಲೆ ಕೆಟ್ಟಿತೆಂದರೆ ಬೇರೆ ಏನೋ ಇದೆ. ಹೊಸ ಮಾತ್ರೆ ಸೇರಿತೇ, ಪ್ರಮಾಣ ಏರಿತೇ, ಮೂತ್ರದ ಸೋಂಕೇ, ನೀರು ಕುಡಿಯದೆ ಒಣಗಿದ್ದಾರೆಯೇ, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆಯೇ? ಇವೆಲ್ಲ ಗುಣವಾಗುವ ಸಂಗತಿಗಳು.

ಈ ಹೊತ್ತಿನಲ್ಲೇ ಮನೆಮಂದಿ ಎರಡು ತಪ್ಪು ಮಾಡುತ್ತಾರೆ. ಒಂದು, ‘ಈ ದರಿದ್ರ ಮಾತ್ರೆಯೇ ಬೇಡ’ ಎಂದು ಪೂರ್ತಿ ನಿಲ್ಲಿಸಿಬಿಡುವುದು. ಇದು ಪ್ರಾಣಾಂತಿಕ. ಲೆವೊಡೋಪಾ ಥಟ್ಟನೆ ನಿಂತರೆ ಮೈ ಮರದಂತೆ ಬಿಗಿದು, ವಿಪರೀತ ಜ್ವರ ಏರಿ, ಐ.ಸಿ.ಯು. ಸೇರಬೇಕಾಗಬಹುದು. ಇಳಿಸುವುದಾದರೆ ಮೆಟ್ಟಿಲು ಮೆಟ್ಟಿಲಾಗಿ, ಡಾಕ್ಟರ ಕೈಯಲ್ಲೇ ಇಳಿಸಬೇಕು. ಎರಡು, ಗಲಾಟೆ ನಿಲ್ಲಲೆಂದು ಹ್ಯಾಲೋಪೆರಿಡಾಲ್‌ನಂಥ ಮನೋರೋಗದ ಮಾತ್ರೆ ತಂದು ಕೊಡುವುದು. ಅದು ಇರುವಷ್ಟು ಡೋಪಮಿನ್ನಿನ ದಾರಿಯನ್ನೂ ಕಟ್ಟುತ್ತದೆ. ಕೂಸು ಮಾಯವಾಗುತ್ತದೆ, ಜೊತೆಗೆ ಯಜಮಾನರ ನಡಿಗೆಯೂ ಮಾಯವಾಗುತ್ತದೆ.

ಅಗ್ಗದ ಮಾತ್ರೆ, ದುಬಾರಿ ಮರೆವು

ಟ್ರೈಹೆಕ್ಸಿಫೆನಿಡಿಲ್ ಎಂಬ ಹಳೆಯ ಮಾತ್ರೆಯೊಂದಿದೆ. ಅಗ್ಗ, ಎಲ್ಲೆಡೆ ಸಿಗುತ್ತದೆ, ನಡುಕಕ್ಕೆ ಕೆಲಸವನ್ನೂ ಮಾಡುತ್ತದೆ. ವಯಸ್ಸಿನವರು ತಾಳಿಕೊಳ್ಳಬಹುದು. ಎಪ್ಪತ್ತರ ಮೇಲಿನವರಿಗೆ ಇದು ನೆನಪಿಗೇ ಕೊಡಲಿ ಹಾಕುತ್ತದೆ. ಬಾಯಿ ಒಣಗಿ ರೊಟ್ಟಿ ಇಳಿಯುವುದಿಲ್ಲ, ಮಲ ಕಟ್ಟುತ್ತದೆ, ಮೂತ್ರ ಕಟ್ಟುತ್ತದೆ, ಮಾತು ಎತ್ತೆತ್ತಲೋ ಹೋಗುತ್ತದೆ. ಹತ್ತು ವರ್ಷದ ಹಿಂದೆ ಬರೆದುಕೊಟ್ಟ ಚೀಟಿಯನ್ನೇ ಅಂಗಡಿಗೆ ಒಯ್ದು ಒಯ್ದು ತರುವವರ ಚೀಟಿಯಲ್ಲಿ ಈ ಹೆಸರು ಇನ್ನೂ ಉಳಿದಿರುತ್ತದೆ.

ಇದಕ್ಕಿಂತ ಸೋಜಿಗದ್ದು ಗ್ಯಾಸಿನ ಕ್ಯಾಪ್ಸೂಲು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಕ್ಯಾಪ್ಸೂಲು ನುಂಗುವುದು ಪೇಟೆಯಲ್ಲಿ ಹಲ್ಲುಜ್ಜಿದಷ್ಟೇ ಸಹಜವಾಗಿದೆ. ಅವುಗಳಲ್ಲಿ ಕೆಲವದರ ಒಳಗೆ ಲೆವೊಸಲ್ಪಿರೈಡ್ ಎಂಬ ವಸ್ತುವೂ ಸೇರಿರುತ್ತದೆ. ಅದು ಡೋಪಮಿನ್ನನ್ನು ತಡೆಯುವಂಥದ್ದು. ಪಾರ್ಕಿನ್ಸನ್ ಇಲ್ಲದವರಿಗೂ ತಿಂಗಳುಗಟ್ಟಲೆ ನುಂಗಿದರೆ ಅದೇ ನಡುಕ, ಅದೇ ಬಿಗಿತ ತರಿಸಬಲ್ಲದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಫ್ಲುನಾರಿಜಿನ್ ಕೂಡ ಇದೇ ಗುಂಪಿನ ಸಹೋದರರು. ಮೈ ಕೆಡಿಸುವ ಮಾತ್ರೆ ಒಂದು, ಕೆಟ್ಟದ್ದಕ್ಕೆ ಮದ್ದೆಂದು ಇನ್ನೊಂದು, ಅದರ ವಾಂತಿಗೆ ಮತ್ತೊಂದು. ಹೀಗೆ ಪ್ಲಾಸ್ಟಿಕ್ ಚೀಲ ತುಂಬುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಚೀಟಿಯನ್ನಷ್ಟೇ ಅಲ್ಲ, ಆ ಚೀಲವನ್ನೇ ಒಯ್ದು ಮೇಜಿನ ಮೇಲೆ ಸುರಿಯಬೇಕು.

ಅಂಗಿ ಸಡಿಲವಾಯಿತೇಕೆ?

ಕಾಯಿಲೆಯವರ ಮೈ ಇಳಿಯುವುದನ್ನು ಮನೆಯಲ್ಲಿ ಮೊದಲು ಕಾಣುವವನು ದರ್ಜಿ. ಕಾಲರು ಸಡಿಲ, ಸೊಂಟ ಸಡಿಲ. ಕಾರಣ ಒಂದೆರಡಲ್ಲ. ಮೂಗಿಗೆ ವಾಸನೆ ಹತ್ತುವುದಿಲ್ಲ. ನಡುಕಕ್ಕೂ ಎಷ್ಟೋ ವರ್ಷ ಮೊದಲೇ ವಾಸನೆ ಹೋಗಿರಬಹುದು. ಒಗ್ಗರಣೆಯ ಘಮ ಗೊತ್ತಾಗದವನಿಗೆ ಬೆಣ್ಣೆದೋಸೆಯೂ ಒಂದೇ, ರಟ್ಟಿನ ಚೂರೂ ಒಂದೇ. ಜಗಿಯುವುದು ನಿಧಾನ, ನುಂಗುವುದು ಕಷ್ಟ. ಮಾತ್ರೆ ಹೊಟ್ಟೆ ತೊಳಸಿಸುತ್ತದೆ. ಮಾತ್ರೆ ಜಾಸ್ತಿಯಾಗಿ ಕೈಕಾಲು ಹಾವಿನಂತೆ ತಾನೇ ಆಡತೊಡಗಿದರೆ, ಕೂತಲ್ಲೇ ಗದ್ದೆ ಉತ್ತಷ್ಟು ಶಕ್ತಿ ಖರ್ಚು. ಜೊತೆಗೆ ಹೊಟ್ಟೆಯೇ ನಿಧಾನ. ಊಟವಾಗಲಿ ಮಾತ್ರೆಯಾಗಲಿ ಜಠರದಲ್ಲೇ ಗಂಟೆಗಟ್ಟಲೆ ಕೂತಿರುತ್ತದೆ, ಕರುಳಿಗೆ ಇಳಿಯುವುದಿಲ್ಲ. ಮಲ ಕಟ್ಟಿದ ದಿನ ಮಾತ್ರೆ ಹತ್ತಲಿಲ್ಲ ಅನ್ನುವ ಯಜಮಾನರ ಮಾತು ಸುಳ್ಳಲ್ಲ.

ಇಂಥವರಿಗೆ ‘ಪ್ರೋಟೀನು ಕೆಟ್ಟದ್ದು’ ಎಂದು ಅರ್ಧ ಮಾತು ಹೇಳಿದರೆ ಹಾಲು, ಬೇಳೆ, ಮೊಟ್ಟೆ ಎಲ್ಲ ಬಿಟ್ಟು ಗಂಜಿಗೆ ಬೀಳುತ್ತಾರೆ. ಆಗ ಮಾಂಸಖಂಡ ಕರಗಿ ಇನ್ನೂ ಬೇಗ ನೆಲ ಹಿಡಿಯುತ್ತಾರೆ. ಪ್ರೋಟೀನು ಬಿಡಬೇಕಾಗಿಲ್ಲ, ಹೊತ್ತು ಬದಲಿಸಬೇಕು. ದಿನಕ್ಕೆ ದೇಹತೂಕದ ಕೇಜಿಗೆ ಸುಮಾರು ಒಂದು ಗ್ರಾಂ ಬೇಕೇ ಬೇಕು. 55 ಕೇಜಿಯವರಿಗೆ ಹೆಚ್ಚುಕಮ್ಮಿ 55 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಅಷ್ಟೇ ಸುಮಾರು; ನೂರು ಗ್ರಾಂ ತೊಗರಿಬೇಳೆಯಲ್ಲಿ 22ರ ಆಸುಪಾಸು. ಊಟ ತಟ್ಟುತ್ತಿದೆ ಅನ್ನುವವರಿಗೆ ಕೆಲವು ವೈದ್ಯರು ಹೇಳುವ ಉಪಾಯ: ಹಗಲು ಅನ್ನ, ರೊಟ್ಟಿ, ಪಲ್ಯ, ಹಣ್ಣು ಜಾಸ್ತಿ, ಬೇಳೆ ಹಾಲು ಕಮ್ಮಿ. ರಾತ್ರಿ ಊಟಕ್ಕೆ ಗಟ್ಟಿ ಬೇಳೆ, ಮೊಟ್ಟೆ, ಹಾಲು. ಹಗಲು ಅಂಗಡಿಯಲ್ಲಿ ಕೈಕಾಲು ಆಡುತ್ತವೆ. ಇದಕ್ಕೂ ಬೆಲೆ ತೆರಬೇಕು ಅನ್ನಿ: ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ತಿರುಗಲು ಕಷ್ಟವಾಗಬಹುದು, ಬಚ್ಚಲಿಗೆ ಏಳುವಾಗ ಯಾರಾದರೂ ಕೈ ಹಿಡಿಯಬೇಕಾದೀತು. ತೂಕ ಇಳಿಯುತ್ತಿರುವವರಿಗೆ ಈ ಉಪಾಯವೂ ಡಾಕ್ಟರನ್ನು ಕೇಳದೆ ಬೇಡ.

ಬಿ12 ವಿಟಮಿನ್ನಿನ ಸಂಗತಿಯಂತೂ ನಮ್ಮ ಶಾಕಾಹಾರಿ ಮನೆಗಳಿಗೆ ನೇರ ಸಂಬಂಧಿಸಿದ್ದು. ಸೊಪ್ಪು, ಕಾಳು, ರಾಗಿ, ಜೋಳ ಯಾವುದರಲ್ಲೂ ಅದು ಇಲ್ಲ. ಹಾಲು ಮೊಸರಿನಲ್ಲಿ ಅಷ್ಟಿಷ್ಟು. ಮೊದಲೇ ಕಮ್ಮಿ. ಅದರ ಮೇಲೆ ಲೆವೊಡೋಪಾ ದೇಹದಲ್ಲಿ ಕರಗುವಾಗ ಹೋಮೋಸಿಸ್ಟೀನ್ ಎಂಬ ಕಸ ಹುಟ್ಟುತ್ತದೆ, ಅದನ್ನು ಗುಡಿಸಲು ಬಿ12, ಫೋಲಿಕ್ ಆಮ್ಲ ಖರ್ಚಾಗುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ದಿನಾ ನುಂಗುವ ಗ್ಯಾಸಿನ ಮಾತ್ರೆ ಇದ್ದರೆ ಇನ್ನಷ್ಟು ಕೊರತೆ. ಬಿ12 ಬತ್ತಿದರೆ ಅಂಗಾಲು ಜುಮುಜುಮು, ನಡಿಗೆ ಜೋಲಿ, ಮರೆವು. ಈ ಮೂರನ್ನೂ ಪಾರ್ಕಿನ್ಸನ್ನಿನ ಖಾತೆಗೇ ಬರೆದು ಕೈತೊಳೆದುಕೊಳ್ಳುತ್ತಾರೆ. ಒಂದು ರಕ್ತ ಪರೀಕ್ಷೆ, ಕೊರತೆ ಇದ್ದರೆ ಕೆಲವು ಇಂಜೆಕ್ಷನ್ನು. ಅಷ್ಟಕ್ಕೆ ಬೆಂಗಳೂರಿನ ನಿಮ್ಹಾನ್ಸಿಗೆ ರಾತ್ರಿ ಬಸ್ಸು ಹತ್ತಬೇಕಾಗಿಲ್ಲ.

ಗಂಟಲಲ್ಲಿ ಇಳಿಯುವುದಿಲ್ಲ ಎಂದು ಮಾತ್ರೆಯನ್ನು ಕುಟ್ಟಿ ರಾಗಿ ಅಂಬಲಿಗೆ ಕಲಸುವವರೂ ಇದ್ದಾರೆ. ಸಿ.ಆರ್. ಎಂದು ಬರೆದ, ನಿಧಾನವಾಗಿ ಕರಗುವ ಮಾತ್ರೆಯನ್ನು ಕುಟ್ಟಿದರೆ ಇಡೀ ಹೊತ್ತಿನ ಔಷಧಿ ಒಮ್ಮೆಗೇ ಬಿಡುಗಡೆಯಾಗುತ್ತದೆ. ಆಮೇಲೆ ಕೌಂಟರ್ ಕೆಳಗೆ ಕೂಸು ಕಾಣದೆ ಇನ್ನೇನು?

ಬಸ್ಸಿಗೆ ಕಾಯುವವರಿಗೆ ಸಣ್ಣ ಸೂಚನೆ. ಈ ಕಾಯಿಲೆಯಲ್ಲೂ ಈ ಮಾತ್ರೆಗಳಿಂದಲೂ ಎದ್ದು ನಿಂತಾಗ ರಕ್ತದೊತ್ತಡ ಕುಸಿಯಬಹುದು. ಬೋರ್ಡು ಕಂಡಿತೆಂದು ಕಲ್ಲುಬೆಂಚಿನಿಂದ ಥಟ್ಟನೆ ಏಳಬೇಡಿ. ಒಂದು ಗಳಿಗೆ ಕಂಬ ಹಿಡಿದು ನಿಂತು ಆಮೇಲೆ ಹೆಜ್ಜೆ ಇಡಿ.

ಬೇಲಿಯ ನಸುಗುನ್ನಿ

ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿ ಹಳ್ಳಿಯ ಪಡ್ಡೆ ಹುಡುಗರಿಗೆಲ್ಲ ಗೊತ್ತು. ಅದರ ಬೀಜದಲ್ಲಿ ಇರುವುದೂ ಇದೇ ಲೆವೊಡೋಪಾ! 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಕಾರ್ಲ್‌ಸನ್ ಮೊಲಗಳಿಗೆ ಇಪ್ಪತ್ತು ವರ್ಷ ಮೊದಲು. 2017ರಲ್ಲಿ ಪ್ರಕಟವಾದ ಬೊಲಿವಿಯಾ ದೇಶದ ಪ್ರಯೋಗವೊಂದರಲ್ಲಿ 18 ರೋಗಿಗಳಿಗೆ ಹುರಿದ ನಸುಗುನ್ನಿ ಪುಡಿ ಕೊಟ್ಟು ನೋಡಿದಾಗ ಅದು ಮಾತ್ರೆಗೆ ಸರಿಸಾಟಿಯಾಗಿ ಕೆಲಸ ಮಾಡಿತು. ಬಡ ದೇಶಗಳಿಗೆ ಇದು ಸಣ್ಣ ಸುದ್ದಿಯಲ್ಲ.

ಆದರೆ ಇಲ್ಲಿಯೇ ಅಪಾಯ. ಡಾಕ್ಟರ ಮಾತ್ರೆ ಮೂರು ಹೊತ್ತು ನುಂಗುತ್ತಲೇ, ‘ನಾಟಿ ಔಷಧಿ, ಏನೂ ಆಗಲ್ಲ’ ಎಂದು ಅದರ ಮೇಲೆ ನಸುಗುನ್ನಿ ಪುಡಿಯನ್ನೂ ತಿಂದರೆ ಅದು ಎರಡು ಔಷಧಿಯಲ್ಲ, ಒಂದೇ ಔಷಧಿಯ ಇಮ್ಮಡಿ ಪ್ರಮಾಣ. ವಾಂತಿ, ಕೈಕಾಲು ಆಟ, ಕಾಣದ್ದು ಕಾಣುವುದು ಎಲ್ಲಕ್ಕೂ ದಾರಿ. ಡಾಕ್ಟರಿಗೆ ಹೇಳಿದರೆ ಬೈದಾರು ಎಂದು ಹೇಳುವುದಿಲ್ಲ. ಹೇಳದ್ದರಿಂದ ಡಾಕ್ಟರಿಗೆ ಲೆಕ್ಕ ತಪ್ಪುತ್ತದೆ. ಇನ್ನು ಆ ಪುಡಿಯನ್ನು ಹಾಲಿಗೆ ಕಲಸಿ ಕುಡಿಯುವುದು ರೂಢಿ. ಮತ್ತೆ ಅದೇ ಹಾಲು!

ಗೋಡೆಯ ಮೇಲಿನ ಟೈಂಟೇಬಲ್

ಈ ಕಾಯಿಲೆ ಅಪರೂಪದ್ದೇನಲ್ಲ. ಮುದುಕರೇ ಹೆಚ್ಚಿರುವ ಮುಂಬಯಿಯ ಪಾರ್ಸಿ ಸಮುದಾಯದಲ್ಲಿ ಲಕ್ಷಕ್ಕೆ 328 ಮಂದಿಗೆ ಇದೆಯೆಂದು 1988ರ ವರದಿ ಹೇಳಿತ್ತು. ನಮ್ಮಲ್ಲೂ ಆಯುಸ್ಸು ಏರುತ್ತಿದೆ, ಪ್ರತಿ ಬೀದಿಗೊಬ್ಬರು ಸಿಗುವ ಕಾಲ ದೂರವಿಲ್ಲ. ಲೆವೊಡೋಪಾ-ಕಾರ್ಬಿಡೋಪಾ ಕೇಂದ್ರದ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮಿದುಳು ಆರೋಗ್ಯ ಯೋಜನೆಯನ್ನೂ ಶುರು ಮಾಡಿತು. ಜಿಲ್ಲಾ ಮಟ್ಟದಲ್ಲೇ ನರರೋಗಕ್ಕೆ ಚಿಕಿತ್ಸೆ ಸಿಗಬೇಕೆಂಬುದು ಅದರ ಉದ್ದೇಶ. ಒಳ್ಳೆಯದೇ. ಮಾತ್ರೆ ಕೊಡುವ ಕಿಟಕಿಯಲ್ಲಿ ‘ಹಾಲಿನ ಜೊತೆ ಬೇಡ, ನೀರಿನ ಜೊತೆ’ ಎಂಬ ಕನ್ನಡದ ಚೀಟಿ ಅಂಟಿಸಲು ಯಾವ ಯೋಜನೆಯೂ ಬೇಕಾಗಿಲ್ಲ.

ಕೆಲವು ಮನೆಗಳಲ್ಲಿ ಸೊಸೆಯಂದಿರು, ಮೊಮ್ಮಕ್ಕಳು ತಾವೇ ದಾರಿ ಕಂಡುಕೊಳ್ಳುತ್ತಾರೆ. ಸರ್ಕಾರಿ ಬಸ್ಸಿನ ವೇಳಾಪಟ್ಟಿಯಂತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ಹಚ್ಚುತ್ತಾರೆ. ಏಳಕ್ಕೆ ಮಾತ್ರೆ, ನೀರು. ಏಳೂಮುಕ್ಕಾಲಿಗೆ ಉಪ್ಪಿಟ್ಟು. ಹನ್ನೆರಡಕ್ಕೆ ಮಾತ್ರೆ. ಒಂದಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ. ಎಷ್ಟು ಗಂಟೆಗೆ ಕೈ ಸಡಿಲವಾಯಿತು, ಎಷ್ಟಕ್ಕೆ ಮತ್ತೆ ಬಿಗಿಯಿತು, ಕೂಸು ಬಂತೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಗೀಟು. ಹದಿನೈದು ದಿನದ ಆ ಕಾಗದ ನೋಡಿದರೆ ಡಾಕ್ಟರಿಗೆ ಅರ್ಧ ಮಾತ್ರೆ ಏರಿಸುವ ಬದಲು ಇಳಿಸಬಹುದೇ ಎಂದು ಯೋಚಿಸಲು ದಾರಿಯಾಗುತ್ತದೆ. ಎಷ್ಟೋ ಕಡೆ ಇಳಿಸಿದ್ದೂ ಉಂಟು.

ಆಗ ಬೀಗದ ಕೈ ಗೊಂಚಲು ತಾನಾಗಿ ಹಿಂದಿರುಗುವುದಿಲ್ಲ. ಒಮ್ಮೆ ಕೈಬಿಟ್ಟ ಅಧಿಕಾರ ಯಾವ ಮನೆಯಲ್ಲೂ ಸುಲಭಕ್ಕೆ ವಾಪಸ್ ಬರುವುದಲ್ಲ. ಆದರೆ ಯಜಮಾನರು ಮತ್ತೆ ಗಲ್ಲಾದ ಹತ್ತಿರ ಬಂದು ಕೂರುತ್ತಾರೆ. ಗುಮಾಸ್ತ ಬರೆದ ಬಿಲ್ಲಿನಲ್ಲಿ ಮೂರು ರೂಪಾಯಿ ತಪ್ಪು ಹಿಡಿಯುತ್ತಾರೆ. ಹಾಲಿನ ಲೋಟ ಮಾತ್ರ ಈಗ ರಾತ್ರಿ ಒಂಬತ್ತಕ್ಕೆ, ಊಟದ ಜೊತೆ.